ಹಾಸ್ಟೆಲ್‌ನಲ್ಲಿ ವಾಂತಿ-ಭೇದಿ ಶುರುವಾದರೆ: ಮೊದಲ ರಾತ್ರಿಯಿಂದಲೇ ಮಾಡಬೇಕಾದ್ದು

ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾ, ಕೆಲವು ವರ್ಷ ಹುಡುಗರ ಹಾಸ್ಟೆಲ್ ವಾರ್ಡನ್ ಕೂಡ ಆಗಿದ್ದೆ. ಒಂದು ಏಪ್ರಿಲ್ ರಾತ್ರಿ, ಎರಡು ಗಂಟೆ ಇರಬೇಕು, ಒಬ್ಬ ಬಂದು ಬಾಗಿಲು ಬಡಿದ.

"ಸರ್, ನಮ್ಮ ರೂಮ್‌ನ್ಯಾಗ ಒಬ್ಬವ ಭಾಳ ಕಾರ್ಕೊಳ್ಳಾಕತ್ತಾನ್ರಿ. ಜುಲಾಬೂ ಹತ್ಯಾವ."

ಹೋಗಿ ನೋಡಿದೆ. ಹುಡುಗ ಗೋಡೆಗೆ ಒರಗಿ ಕೂತಿದ್ದ. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ಯಾವಾಗಿನಿಂದಪ್ಪಾ ಅಂದೆ. "ನಿನ್ನಿ ಮುಂಜಾನಿಯಿಂದ್ರಿ ಸರ್" ಅಂದ. ಅಂದರೆ ಹೆಚ್ಚುಕಡಿಮೆ 18 ಗಂಟೆ. ಅಷ್ಟರಲ್ಲಿ ಅವನು ಮೆಸ್ಸಿನಲ್ಲಿ ಎರಡು ಸಲ ಊಟಕ್ಕೆ ಕೂತಿದ್ದ, ಎಲ್ಲರೂ ಮುಟ್ಟುವ ನೀರಿನ ಜಗ್ ಎತ್ತಿದ್ದ, ಮಹಡಿಯ ಸಂಡಾಸಿಗೆ ಎಷ್ಟು ಸಲ ಹೋಗಿದ್ದನೋ ಲೆಕ್ಕವಿಲ್ಲ, ಇಂಟರ್ನಲ್ ಪರೀಕ್ಷೆಯನ್ನೂ ಬರೆದಿದ್ದ. ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಸುಮ್ಮನೆ ನೆಲ ನೋಡಿದ. "ನಾಚ್ಕಿ ಬಂತ್ರಿ."

ಮೂರು ದಿನದಲ್ಲಿ ಅದು 19 ಹುಡುಗರಿಗೆ ಬಂತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಗಿದ್ದು ಇಷ್ಟು: ಆ ವಾರ ನಮ್ಮಲ್ಲಿ ಭೇದಿ ಮುಚ್ಚಿಟ್ಟವನು ಆ ಹುಡುಗ ಒಬ್ಬನೇ ಅಲ್ಲ. ಒಬ್ಬ ಅಡುಗೆಯವನೂ ಮುಚ್ಚಿಟ್ಟಿದ್ದ. ನಾವು ಮೇಲಿನವರೂ ಒಂದು ದಿನ ಮುಚ್ಚಿಟ್ಟೆವು. ಬ್ಲೀಚಿಂಗ್ ಪೌಡರ್, ಓಆರ್‌ಎಸ್ ಎಲ್ಲ ಬೇಕೇ ಬೇಕು, ಕೆಳಗೆ ಅಳತೆ ಸಮೇತ ಬರೆದಿದ್ದೇನೆ. ಆದರೆ ಕಾಯಿಲೆ ಬಿದ್ದವನು ಬಾಯಿಬಿಡಲು ಹೆದರುವ ಜಾಗದಲ್ಲಿ ಅವೆಲ್ಲ ಒಂದು ದಿನ ತಡವಾಗಿಯೇ ಬರುತ್ತವೆ.

ಇದು ವಾರ್ಡನ್‌ಗಳಿಗೆ, ಮೆಸ್ ನೋಡಿಕೊಳ್ಳುವವರಿಗೆ, ಕ್ಲಾಸ್ ಲೀಡರ್‌ಗಳಿಗೆ ಬರೆದದ್ದು. ರೂಮ್ ಮಾಡಿಕೊಂಡು ನಾಲ್ಕೈದು ಜನ ಇರುವ ಹುಡುಗ-ಹುಡುಗಿಯರಿಗೂ ಮುಕ್ಕಾಲು ಭಾಗ ಹೊಂದುತ್ತದೆ.

ಯಾವ ಬಗೆಯದ್ದು ಅಂತ ಮೊದಲು ಊಹಿಸಿ

ಎಲ್ಲ ವಾಂತಿ-ಭೇದಿಯೂ ಒಂದೇ ಅಲ್ಲ. ಗಡಿಯಾರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ಹತ್ತಾರು ಮಂದಿ ಒಟ್ಟಿಗೇ ವಾಂತಿ ಮಾಡಿದರೆ ಅದು ಹೆಚ್ಚಾಗಿ ಆಹಾರದಲ್ಲಿ ಮೊದಲೇ ಕೂತಿದ್ದ ವಿಷ. ರಾತ್ರಿ ಉಳಿದ ಅನ್ನವನ್ನು ಪಾತ್ರೆಯಲ್ಲೇ ಮುಚ್ಚಿಟ್ಟು, ಬೆಳಗ್ಗೆ ಒಗ್ಗರಣೆ ಹಾಕಿ ಕೊಡುತ್ತಾರಲ್ವಾ, ಅಲ್ಲಿ ಇದು ಜಾಸ್ತಿ. ಮತ್ತೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟುಹೋದ ವಿಷ ಹೋಗುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ.

ಜ್ವರ, ಹೊಟ್ಟೆ ಹಿಂಡುವ ನೋವು, ಮಲದಲ್ಲಿ ರಕ್ತ ಇದ್ದರೆ ಬ್ಯಾಕ್ಟೀರಿಯಾ ಅನುಮಾನ. ಅಕ್ಕಿ ತೊಳೆದ ನೀರಿನಂತೆ ಬಿಳಿಚಾಗಿ ಬಕೆಟ್‌ಗಟ್ಟಲೆ ಹೋಗುತ್ತಿದ್ದರೆ ಕಾಲರಾ ಇರಬಹುದು. ಆಗ ಹಾಸ್ಟೆಲ್‌ನಲ್ಲಿ ಕೂರಿಸಿಕೊಂಡು ನೋಡುವ ಮಾತೇ ಇಲ್ಲ, ನೇರ ಆಸ್ಪತ್ರೆ.

ಇವತ್ತು ಒಬ್ಬ, ನಾಳೆ ಅವನ ರೂಮಿನವರು, ನಾಡಿದ್ದು ಎದುರು ರೂಮಿನವರು, ಹೀಗೆ ಸಾಲಾಗಿ ಬಿದ್ದರೆ ವೈರಸ್. ಅದರಲ್ಲಿ ಹಾಸ್ಟೆಲ್‌ಗಳಿಗೆ ಕಾಟ ಕೊಡುವುದು ನೋರೋವೈರಸ್. ಮೈ ಸೇರಿ 12ರಿಂದ 48 ಗಂಟೆಗೆ ಶುರು, ಒಂದರಿಂದ ಮೂರು ದಿನ ಇರುತ್ತದೆ. ಕಣ್ಣಿಗೆ ಕಾಣದಷ್ಟು ಅಂಟಿದರೂ ಸಾಕು, ಇನ್ನೊಬ್ಬನಿಗೆ ಬರುತ್ತದೆ. ಇದಕ್ಕೆ ಆ ಹೆಸರು ಬಂದದ್ದು ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನಿಂದ. 1968ರಲ್ಲಿ ಅಲ್ಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ, ಮೇಷ್ಟರಿಗೆ ಗುಂಪುಗುಂಪಾಗಿ ವಾಂತಿ ಶುರುವಾಯಿತು. 1972ರಲ್ಲಿ, ಆಗ ತೆಗೆದಿಟ್ಟಿದ್ದ ಮಲದ ಮಾದರಿಯಲ್ಲಿ ವೈರಸ್ ಕಂಡರು, ಊರಿನ ಹೆಸರು ಅಂಟಿಕೊಂಡಿತು. ಕಾಲೇಜಿಗೆ ಕೆಟ್ಟ ಹೆಸರು ಬರುತ್ತದೆ ಅಂತ ಹೆದರುವ ಪ್ರಿನ್ಸಿಪಾಲರಿಗೆ ನಾನು ಈ ಕತೆ ಹೇಳಬಾರದಿತ್ತು, ಹೇಳಿಬಿಟ್ಟೆ.

ಹೆಜ್ಜೆ 1: ನೋಟ್‌ಬುಕ್ ತೆಗೆಯಿರಿ

ಮೊದಲ ಕೇಸ್ ಗೊತ್ತಾದ ತಕ್ಷಣ ಎಲ್ಲರ ಕೈ ಫಿನಾಯಿಲ್ ಬಾಟಲಿಗೆ ಹೋಗುತ್ತದೆ. ಅದಕ್ಕೂ ಮುಂಚೆ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು ಗೆರೆ ಎಳೆಯಿರಿ. ಹೆಸರು, ರೂಮ್ ನಂಬರ್, ಮೊದಲ ವಾಂತಿ ಅಥವಾ ಭೇದಿ ಯಾವ ದಿನ ಎಷ್ಟು ಗಂಟೆಗೆ, ಹಿಂದಿನ ಎರಡು ದಿನ ಏನೇನು ತಿಂದದ್ದು, ನೀರು ಎಲ್ಲಿಯದು ಕುಡಿದದ್ದು. 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಅದನ್ನು ಭೇದಿ ಅಂತ ಲೆಕ್ಕ ಹಿಡಿಯಿರಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಾಯಿಲೆ ಬಿದ್ದವರನ್ನಷ್ಟೇ ಕೇಳುತ್ತಾರೆ. ಆರಾಮಾಗಿ ಇರುವವರನ್ನೂ ಅಷ್ಟೇ ಮಂದಿ ಕರೆದು ಅದೇ ಪ್ರಶ್ನೆ ಕೇಳಬೇಕು. ನಮ್ಮಲ್ಲಿ ಬೆಳಗಾಗುವಷ್ಟರಲ್ಲಿ "ತತ್ತಿ ಸಾರೇ ಕಾರಣ" ಅಂತ ಇಡೀ ಹಾಸ್ಟೆಲ್ ತೀರ್ಪು ಕೊಟ್ಟಾಗಿತ್ತು. ಮೆಸ್ ಮುಂದೆ ಕೂಗಾಟವೂ ಶುರುವಾಗಿತ್ತು. ನೋಟ್‌ಬುಕ್ ನೋಡಿದರೆ, ಮಲಗಿದವರಲ್ಲಿ ಏಳು ಹುಡುಗರು ತತ್ತಿಯನ್ನು ಮುಟ್ಟುವವರೇ ಅಲ್ಲ. ತತ್ತಿ ಎರಡೆರಡು ಸಲ ಹಾಕಿಸಿಕೊಂಡ ಪೈಲ್ವಾನರು ಆರಾಮಾಗಿ ಓಡಾಡುತ್ತಿದ್ದರು. ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಕುಡಿದಿದ್ದು ಮಧ್ಯಾಹ್ನದ ಮಜ್ಜಿಗೆ. ಆರಾಮಿದ್ದವರಲ್ಲಿ ಅದನ್ನು ಕುಡಿದವರು ಕಡಿಮೆ.

ಕಾಗದದ ಮೇಲೆ ಇನ್ನೂ ಒಂದು ಕಾಣುತ್ತದೆ. ಎಲ್ಲರಿಗೂ ನಾಲ್ಕೈದು ಗಂಟೆಯೊಳಗೆ ಶುರುವಾಗಿದ್ದರೆ ಒಂದು ಊಟ. ಒಂದೇ ಬ್ಲಾಕಿನವರಿಗೆ ಮಾತ್ರ ಆಗಿದ್ದರೆ ಆ ಬ್ಲಾಕಿನ ಟ್ಯಾಂಕ್. ರೂಮಿನಿಂದ ರೂಮಿಗೆ ಹೋಗುತ್ತಿದ್ದರೆ ಕೈ, ಚಿಲಕ, ಸಂಡಾಸು.

ಕೇಳುವ ಧಾಟಿ ಮುಖ್ಯ. "ಯಾರ್‍ಯಾರಿಗೆ ಜುಲಾಬು ಆಗ್ಯಾದ, ಕೈ ಎತ್ರಿ" ಅಂತ ಮೆಸ್ ನಡುವೆ ಕೂಗಿದರೆ ಒಬ್ಬನೂ ಎತ್ತುವುದಿಲ್ಲ. ಹುಡುಗಿಯರ ಹಾಸ್ಟೆಲ್‌ನಲ್ಲಂತೂ ಬಿಡಿ. ಒಂದು ಫೋನ್ ನಂಬರ್ ಕೊಡಿ, ಮೆಸೇಜ್ ಹಾಕಿದರೆ ಸಾಕು ಅನ್ನಿ. ಪರೀಕ್ಷೆ, ಹಾಜರಾತಿ ನಾನು ನೋಡಿಕೊಳ್ಳುತ್ತೇನೆ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಆ ಒಂದು ಸಾಲು ಹಾಕಿದ ಮೇಲೆ ನಮಗೆ ಅರ್ಧ ಗಂಟೆಯಲ್ಲಿ ಆರು ಹೊಸ ಹೆಸರು ಬಂದವು.

ಹೆಜ್ಜೆ 2: ಸಂಡಾಸು ಬೇರೆ ಮಾಡಿ

ಕಾಯಿಲೆಯವರನ್ನು ಬೇರೆ ರೂಮಿಗೆ ಹಾಕಲು ಜಾಗ ಇದ್ದರೆ ಒಳ್ಳೆಯದು. ಎಷ್ಟೋ ಹಾಸ್ಟೆಲ್‌ಗಳಲ್ಲಿ ಇರುವುದಿಲ್ಲ. ಜಾಗ ಇಲ್ಲದಿದ್ದರೆ ರೂಮಿಗಿಂತ ಮೊದಲು ಸಂಡಾಸು ಬೇರೆ ಮಾಡಿ. ಸಾಲಿನ ಕೊನೆಯ ಎರಡಕ್ಕೆ ಕೆಂಪು ಪೇಂಟಿನಲ್ಲಿ ಗುರುತು ಹಾಕಿ, ಅವರಿಗೆ ಅಷ್ಟೇ ಅನ್ನಿ. ಅಲ್ಲಿ ಬೇರೆ ಬಕೆಟ್, ಬೇರೆ ಮಗ್ಗು, ಒಂದು ಸಾಬೂನು. ದಿನಕ್ಕೆ ಮೂರು ಸಲ ಚಿಲಕ, ನಲ್ಲಿಯ ತಿರುಪು, ಮಗ್ಗಿನ ಹಿಡಿ, ಲೈಟಿನ ಸ್ವಿಚ್ಚು ಒರೆಸಬೇಕು. ನೆಲ ಎಲ್ಲರೂ ತೊಳೆಯುತ್ತಾರೆ. ಮಗ್ಗಿನ ಹಿಡಿ ತೊಳೆದವರನ್ನು ನಾನು ನೋಡಿಲ್ಲ.

ಕಾಯಿಲೆಯವನ ಜೊತೆಗೆ ಒಬ್ಬ ಗೆಳೆಯ ಇರಲಿ. ಒಬ್ಬನೇ, ನಾಲ್ಕು ಮಂದಿ ಅಲ್ಲ.

ಹೆಜ್ಜೆ 3: ಕುಡಿಸುತ್ತಾ ಇರಿ

ವಾಂತಿ-ಭೇದಿಯಲ್ಲಿ ಪ್ರಾಣಕ್ಕೆ ಅಪಾಯ ಬರುವುದು ಹೆಚ್ಚಾಗಿ ಮೈಯಲ್ಲಿನ ನೀರು, ಉಪ್ಪು ಖಾಲಿಯಾಗಿ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಬೆವರಿನಲ್ಲೇ ಮೈ ಅರ್ಧ ಒಣಗಿರುತ್ತದೆ. ಅದರ ಮೇಲೆ ಭೇದಿ.

ಓಆರ್‌ಎಸ್ ಪುಡಿ ತನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಷಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ. ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಅರ್ಧ ಪ್ಯಾಕೆಟ್ ಸುರಿದು ಕುಡಿಯುವವರಿದ್ದಾರೆ, ಅದರಿಂದ ಭೇದಿ ಇನ್ನೂ ಕೆಡುತ್ತದೆ. ಸಣ್ಣ ಪ್ಯಾಕೆಟ್ ಆದರೆ ಅದರ ಮೇಲೆ ಬರೆದಷ್ಟೇ ನೀರು. ಕಲಸಿದ್ದನ್ನು 24 ಗಂಟೆ ಮೇಲೆ ಇಡಬೇಡಿ.

ಉಪ್ಪು ಮತ್ತು ಸಕ್ಕರೆ ಎರಡೂ ಯಾಕೆ ಅಂದರೆ, ಕರುಳು ಇವೆರಡನ್ನೂ ಜೋಡಿಯಾಗಿ ಒಳಗೆ ಎಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆ ಹೋಗುತ್ತದೆ. ಬರೀ ಗ್ಲೂಕೋಸ್ ಪುಡಿ ಕಲಸಿ ಕೊಟ್ಟರೆ ಆ ಜೋಡಿ ಇಲ್ಲ. ಕೋಲಾ, ಡಬ್ಬಿ ಜ್ಯೂಸ್‌ನಲ್ಲೂ ಇಲ್ಲ, ಸಕ್ಕರೆ ಮಾತ್ರ ಬೇಕಾದಷ್ಟಿದೆ. ರಟ್ಟಿನ ಪೊಟ್ಟಣದಲ್ಲಿ ಬರುವ ಸಿಹಿ ಪಾನೀಯಗಳ ವಿಷಯದಲ್ಲಿ ಹುಷಾರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಬಾರದು ಎಂದು ಆದೇಶ ಮಾಡಿತು.

ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ತಲೆ ಸಮ ಮಾಡಿ, ಗುಡ್ಡೆ ಹಾಕಬೇಡಿ. ಇದು ಬಡವರ ಉಪಾಯ ಅಂತ ಮೂಗು ಮುರಿಯುವವರಿಗೆ ಒಂದು ಮಾತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಸಲೈನ್ ಬಾಟಲಿ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಿಕ್ಕಿತು.

ಎಷ್ಟು ಕುಡಿಸಬೇಕು? ಒಂದೊಂದು ಸಲ ಭೇದಿಯಾದಾಗಲೂ ಒಂದೆರಡು ಲೋಟ. ಈಗಾಗಲೇ ಒಣಗಿದ ದೊಡ್ಡವರಿಗೆ ಮೊದಲ ನಾಲ್ಕು ಗಂಟೆಯಲ್ಲೇ 2ರಿಂದ 4 ಲೀಟರ್ ಬೇಕಾಗುತ್ತದೆ. ಇದನ್ನು ಕೇಳಿ ಹುಡುಗರು ಬೆಚ್ಚುತ್ತಾರೆ. "ಕುಡದ್ರ ಮತ್ತ ಕಾರ್ಕೊಂತೀನ್ರಿ" ಅನ್ನುತ್ತಾರೆ. ಕಾರಿಕೊಂಡರೆ ಹತ್ತು ನಿಮಿಷ ಬಿಡಿ. ಆಮೇಲೆ ಲೋಟ ಎತ್ತಬೇಡಿ, ಎರಡು-ಮೂರು ನಿಮಿಷಕ್ಕೆ ಒಂದೊಂದೇ ಚಮಚ ಕೊಡಿ. ಆ ರಾತ್ರಿ ನನ್ನ ಕೈಯಲ್ಲಿದ್ದದ್ದು ಒಂದು ಸ್ಟೀಲ್ ಚಮಚ, ಒಂದು ತಂಬಿಗೆ. ನಾಲ್ಕೂವರೆಗೆ ಅವನು ಮೂತ್ರಕ್ಕೆ ಹೋಗಿಬಂದ. ಅಷ್ಟು ಖುಷಿ ನನಗೆ ಅವನ ರಿಸಲ್ಟ್ ನೋಡಿದಾಗಲೂ ಆಗಿಲ್ಲ.

ಊಟ ನಿಲ್ಲಿಸಬೇಡಿ. ಜೋಳದ ನುಚ್ಚು, ತೆಳು ಮಜ್ಜಿಗೆ, ಮೆತ್ತಗಿನ ಅನ್ನ, ಬಾಳೆಹಣ್ಣು, ಹಸಿವಾದಷ್ಟು. ಕೆಂಪು ಖಾರ, ಮಿರ್ಚಿ ಭಜಿ ನಾಲ್ಕು ದಿನ ಬೇಡ.

ಮೆಡಿಕಲ್ ಅಂಗಡಿಯಿಂದ ತರುವ ಮಾತ್ರೆ ವಿಷಯ ಚುಟುಕಾಗಿ: ವೈರಸ್‌ಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಜ್ವರ ಅಥವಾ ರಕ್ತ ಇದ್ದಾಗ ಭೇದಿ ಕಟ್ಟಿಸುವ ಲೋಪೆರಮೈಡ್ ನುಂಗಬಾರದು. ಡಾಕ್ಟರು ಹೇಳದೆ ಎರಡೂ ಬೇಡ.

ಆಸ್ಪತ್ರೆಗೆ ಹೊರಡಬೇಕಾದ್ದು ಇವು ಕಂಡಾಗ: ಆರೆಂಟು ಗಂಟೆಯಿಂದ ಮೂತ್ರ ಇಲ್ಲ, ಮಲದಲ್ಲಿ ರಕ್ತ, ಜೋರು ಜ್ವರ, ಚಮಚದ ನೀರೂ ನಿಲ್ಲುತ್ತಿಲ್ಲ, ಎದ್ದು ನಿಂತರೆ ಕಣ್ಣು ಕತ್ತಲು, ಮಾತು ತೊದಲು, ಕೈ ಮೇಲಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತದೆ. ಆಂಬುಲೆನ್ಸ್‌ಗೆ 108. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ಆಸ್ಪತ್ರೆಗಳಿವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂತೆ ಊರಿಂದ ದೂರ ಇರುವ ಕ್ಯಾಂಪಸ್ ಆದರೆ, ರಾತ್ರಿ ಯಾವ ಗಾಡಿ, ಯಾರು ಓಡಿಸುತ್ತಾರೆ ಅಂತ ಹಗಲಲ್ಲೇ ಗೊತ್ತು ಮಾಡಿಕೊಳ್ಳಿ.

ಹೆಜ್ಜೆ 4: ವಾಂತಿ ತೆಗೆಯುವ ಕ್ರಮ

ಬೆಳಗ್ಗೆ ಆರಕ್ಕೆ ಬರುವ ಕಸ ಗುಡಿಸುವ ಅಕ್ಕನಿಗೆ ಬಿಟ್ಟು, ಅಲ್ಲಿಯವರೆಗೆ ಪೇಪರ್ ಮುಚ್ಚಿಡುವುದು ನಮ್ಮ ರೂಢಿ. ಇದರಲ್ಲಿ ಎರಡು ತಪ್ಪಿವೆ. ಆ ನಾಲ್ಕು ಗಂಟೆಯಲ್ಲಿ ಹತ್ತು ಮಂದಿ ಅದನ್ನು ದಾಟಿಹೋಗುತ್ತಾರೆ. ಇನ್ನೊಂದು, ಆ ಅಕ್ಕ ಬರಿಗೈಯಲ್ಲಿ ಬಳಿಯುತ್ತಾಳೆ, ಆಮೇಲೆ ಅದೇ ಕೈಯಲ್ಲಿ ಮನೆಗೆ ಹೋಗಿ ಮೊಮ್ಮಗನಿಗೆ ರೊಟ್ಟಿ ಮುರಿದು ಕೊಡುತ್ತಾಳೆ. ನೀವೇ ಮಾಡಿ, ಅಥವಾ ಅವರಿಗೆ ಗ್ಲೌಸ್, ಮಾಸ್ಕ್ ಕೊಟ್ಟು ಜೊತೆಗೆ ನಿಲ್ಲಿ.

ಮೊದಲು ಫ್ಯಾನ್ ಬಂದ್ ಮಾಡಿ. ನಮ್ಮ ಸೆಕೆಯಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ, ಆದರೆ ವಾಂತಿಯ ಸಣ್ಣ ಹನಿ ಗಾಳಿಯಲ್ಲಿ ಹಾರಿ ಮಂಚ, ಪುಸ್ತಕ, ನೀರಿನ ಬಾಟಲಿ ಮೇಲೆ ಕೂರುತ್ತದೆ. ಕಿಟಕಿ ತೆರೆಯಿರಿ, ಮಂದಿಯನ್ನು ಹೊರಗೆ ಕಳಿಸಿ. ಹಳೇ ಪೇಪರ್ ಅಥವಾ ಬಟ್ಟೆ ಮುಚ್ಚಿ, ಅದರ ಮೇಲೆ ಬ್ಲೀಚಿಂಗ್ ನೀರನ್ನು ಮೆಲ್ಲಗೆ ಹನಿಸಿ. ಎತ್ತಿ ಸುರಿದರೆ ಸಿಡಿಯುತ್ತದೆ. ಹತ್ತು ನಿಮಿಷ ಕಾಯಿರಿ. ಎರಡು ರಟ್ಟಿನ ತುಂಡಿನಿಂದ ಅಂಚಿನಿಂದ ನಡುವಿಗೆ ಬಳಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ. ನೆಲಕ್ಕೆ ಮತ್ತೊಮ್ಮೆ ಬ್ಲೀಚಿಂಗ್ ನೀರು, ಮತ್ತೆ ಹತ್ತು ನಿಮಿಷ, ಕೊನೆಗೆ ಬರೀ ನೀರು.

ಅಳತೆ: ವಾಂತಿ, ಮಲ ಬಿದ್ದ ಜಾಗಕ್ಕೆ ಒಂದು ಲೀಟರ್ ನೀರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್. ಚಿಲಕ, ಸ್ವಿಚ್ಚಿನ ಹೊರಭಾಗ, ಮೆಸ್ ಟೇಬಲ್ ಒರೆಸಲು ಲೀಟರಿಗೆ 3 ಗ್ರಾಂ. ಸ್ವಿಚ್ಚಿಗೆ ಹಿಂಡಿದ ಬಟ್ಟೆ, ಸುರಿಯಬೇಡಿ. ಕಬ್ಬಿಣ, ಸ್ಟೀಲ್ ಆದರೆ ಹತ್ತು ನಿಮಿಷದ ಮೇಲೆ ನೀರಿನಿಂದ ಒರೆಸಿ, ಇಲ್ಲದಿದ್ದರೆ ತುಕ್ಕು. ಇದು ಹೊಸ ಪೌಡರಿನ ಲೆಕ್ಕ. ಮೂಗಿಗೆ ಘಾಟು ಹೊಡೆಯದೆ, ಉಂಡೆ ಕಟ್ಟಿಕೊಂಡಿದ್ದರೆ ಅದು ಸತ್ತ ಪೌಡರ್. ನಮ್ಮ ಬಿಸಿಲಿಗೆ ತೆರೆದಿಟ್ಟ ಚೀಲ ಬೇಗ ಸಾಯುತ್ತದೆ, ಬಿಗಿ ಮುಚ್ಚಳದ ಡಬ್ಬದಲ್ಲಿ ನೆರಳಲ್ಲಿಡಿ. ಕಲಸಿದ ನೀರೂ ಅವತ್ತಿಗೆ ಅವತ್ತೇ.

ಒಂದು ಎಚ್ಚರಿಕೆ. ಬ್ಲೀಚಿಂಗ್ ಪೌಡರನ್ನು ಆ್ಯಸಿಡ್ ಜೊತೆ, ಸಂಡಾಸು ತೊಳೆಯುವ ಲಿಕ್ವಿಡ್ ಜೊತೆ ಕೂಡಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಸಂಡಾಸಿನಲ್ಲಿ ಉಸಿರು ಕಟ್ಟುತ್ತದೆ. ಎರಡು ಹಾಕಿದರೆ ಎರಡರಷ್ಟು ಸ್ವಚ್ಛ ಅಂತ ತಿಳಿದು ಹಾಕುವವರು ಪ್ರತಿ ಹಾಸ್ಟೆಲ್‌ನಲ್ಲೂ ಒಬ್ಬರು ಇರುತ್ತಾರೆ.

ಹಾಸಿಗೆ, ಚಾದರ ಜಾಡಿಸಬೇಡಿ. ಸುತ್ತಿ ಒಯ್ದು ಬಿಸಿ ನೀರಲ್ಲಿ ಸಾಬೂನು ಹಾಕಿ ಬೇರೆಯಾಗಿ ಒಗೆದು, ಮಾಳಿಗೆ ಮೇಲೆ ಒಣಗಿಸಿ. ಬಿಸಿಲಿಗೆ ನಮ್ಮಲ್ಲೇನು ಬರ ಇಲ್ಲ.

ಹೆಜ್ಜೆ 5: ಮೆಸ್ ಮುಚ್ಚಬೇಡಿ, ಕೈಗಳನ್ನು ಕಡಿಮೆ ಮಾಡಿ

ಮೆಸ್ ಮುಚ್ಚಿದರೆ ನಾನೂರು ಹುಡುಗರು ರಸ್ತೆ ಬದಿ ಬಂಡಿಗೆ ಹೋಗುತ್ತಾರೆ, ಆಮೇಲೆ ಯಾವುದು ಎಲ್ಲಿಂದ ಬಂತು ಅಂತ ದೇವರಿಗೂ ತಿಳಿಯುವುದಿಲ್ಲ. ಉಳಿದ ಅಡುಗೆಯನ್ನೂ ಚೆಲ್ಲಬೇಡಿ. ಒಂದೊಂದು ಬಟ್ಟಲು ಮುಚ್ಚಿ, ದಿನಾಂಕ ಬರೆದು ಫ್ರಿಜ್ಜಿನಲ್ಲಿಡಿ, ಪರೀಕ್ಷೆಗೆ ಬೇಕಾಗುತ್ತದೆ.

ನಮ್ಮ ಊಟದಲ್ಲಿ ಒಂದು ತೊಡಕಿದೆ. ಜೋಳದ ರೊಟ್ಟಿ ಬುಟ್ಟಿಯಲ್ಲಿ ಸಾಲಾಗಿ ಇಟ್ಟಿರುತ್ತಾರೆ, ಬಂದವನು ಎರಡು ಎತ್ತುತ್ತಾನೆ, ಗಟ್ಟಿ ಅನಿಸಿದರೆ ಒಂದನ್ನು ವಾಪಸ್ ಇಟ್ಟು ಕೆಳಗಿನದು ಎಳೆಯುತ್ತಾನೆ. ಶೇಂಗಾ ಹಿಂಡಿ ಡಬ್ಬಕ್ಕೆ ಚಮಚ ಇರುತ್ತದೆ, ಆದರೂ ಮೂರು ಬೆರಳು ಹೋಗುತ್ತವೆ. ಮನೆಯಿಂದ ಬಂದ ಬುತ್ತಿ ರೂಮಿನಲ್ಲಿ ಬಿಚ್ಚಿದರೆ ಎಂಟು ಕೈ. ಕಾಯಿಲೆ ಇಳಿಯುವವರೆಗೆ ರೊಟ್ಟಿ, ಹಿಂಡಿ, ಉಳ್ಳಾಗಡ್ಡಿ ಎಲ್ಲವನ್ನೂ ಒಬ್ಬರೇ ಚಿಮಟಾ, ಚಮಚದಿಂದ ಬಡಿಸಲಿ. ಹಸಿ ತರಕಾರಿ, ಕೊಯ್ದ ಹಣ್ಣು, ಮಜ್ಜಿಗೆ ಡ್ರಮ್ಮು ಸದ್ಯಕ್ಕೆ ಬೇಡ. ಬಿಸಿಬಿಸಿ ಅಡುಗೆ ಮಾತ್ರ, ಮಾಡಿ ಎರಡು ಗಂಟೆಯೊಳಗೆ ಖಾಲಿ.

ಕೈ ತೊಳೆಯಲು ಸಾಬೂನು ಇಟ್ಟರೆ ಮರುದಿನ ಇರುವುದಿಲ್ಲ ಅನ್ನುವುದು ಎಲ್ಲ ವಾರ್ಡನ್‌ಗಳ ಗೋಳು. ಉಳ್ಳಾಗಡ್ಡಿ ಬರುವ ಕೆಂಪು ಜಾಲರಿ ಚೀಲದ ಒಂದು ತುಂಡಿನಲ್ಲಿ ಸಾಬೂನು ಹಾಕಿ, ಬಾಯಿ ಬಿಗಿದು ನಲ್ಲಿಗೆ ಕಟ್ಟಿಬಿಡಿ. ಜಾಲರಿ ಸಮೇತ ಉಜ್ಜಿದರೆ ನೊರೆ ಚೆನ್ನಾಗಿ ಬರುತ್ತದೆ, ಕದಿಯುವವನಿಗೂ ಬೇಜಾರು. 20 ಸೆಕೆಂಡ್ ಉಜ್ಜಬೇಕು. ಸ್ಯಾನಿಟೈಜರ್ ನಂಬಬೇಡಿ, ನೋರೋವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಕೋವಿಡ್ ಕಾಲದಲ್ಲಿ ತಂದು ಉಳಿದ ಕ್ಯಾನುಗಳನ್ನು ಹೊರಗೆ ತೆಗೆದು ಸಮಾಧಾನ ಪಟ್ಟುಕೊಳ್ಳುವ ಮೊದಲು ಇದು ನೆನಪಿರಲಿ.

ಈಗ ಅಡುಗೆಯವರ ಮಾತು. ನಮ್ಮ ಮಜ್ಜಿಗೆ ಬಡಿಸುತ್ತಿದ್ದವನಿಗೆ ಎರಡು ದಿನ ಮುಂಚೆಯೇ ಭೇದಿಯಾಗಿತ್ತು. ಬೈದು ಕೇಳಿದವರಿಗೆ ಅವನು ಹೇಳಲಿಲ್ಲ. ಹಿಂದಿನ ಮೆಟ್ಟಿಲ ಮೇಲೆ ಚಹಾ ಕೊಟ್ಟು ಕೂರಿಸಿದಾಗ ಹೇಳಿದ.

"ರಜಾ ಹಾಕಿದ್ರ ಅವತ್ತಿನ ಪಗಾರ ಕಟ್ ಮಾಡ್ತಾರ್ರಿ ಸರ್. ಮನ್ಯಾಗ ಮೂರು ಮಂದಿ ಅದಾರ."

ಅವನಿಂದಲೇ ಬಂತು ಅಂತ ಯಾರೂ ಖಚಿತವಾಗಿ ಹೇಳಲಿಲ್ಲ. ಆದರೆ ನೋಟ್‌ಬುಕ್ಕಿನ ದಿನಾಂಕಗಳು ಅವನ ಕಡೆಗೇ ಬೆರಳು ಮಾಡುತ್ತಿದ್ದವು. ಅವನನ್ನು ತೆಗೆದುಹಾಕಿ ಅಂತ ಒತ್ತಡ ಬಂತು. ತೆಗೆದರೆ ಮುಂದಿನವನು ಇನ್ನೂ ಜಾಣತನದಿಂದ ಮುಚ್ಚಿಡುತ್ತಾನೆ ಅಷ್ಟೇ. ವಾಂತಿ, ಭೇದಿ ಇದ್ದ ಅಡುಗೆಯವರು ಅದು ನಿಂತ ಮೇಲೂ 48 ಗಂಟೆ ಅಡುಗೆಮನೆಗೆ ಬರಬಾರದು, ಆ ದಿನಗಳ ಪಗಾರ ಪೂರ್ತಿ ಕೊಡಬೇಕು. ಈ ಎರಡೂ ಒಟ್ಟಿಗೇ ಇರಬೇಕಾದ ನಿಯಮ. ಮೊದಲನೆಯದನ್ನು ಮಾತ್ರ ಗೋಡೆಗೆ ಅಂಟಿಸಿದರೆ ಯಾರೂ ಪಾಲಿಸುವುದಿಲ್ಲ.

ಹೆಜ್ಜೆ 6: ಟ್ಯಾಂಕ್ ಹತ್ತಿ ನೋಡಿ

ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ನೀರು ನಿಂತಾಗ ಪೈಪು ಖಾಲಿ. ಎಲ್ಲಾದರೂ ಬಿರುಕಿದ್ದರೆ ಪಕ್ಕದ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಬಿಟ್ಟ ತಕ್ಷಣ ಬರುವ ಮೊದಲ ನೀರನ್ನು ಗಿಡಕ್ಕೆ ಬಿಡಿ, ನೆಲದ ಸಂಪ್ ಒಳಗೆ ಬೇಡ. ಮೊದಲ ಮಳೆ ಬಿದ್ದ ವಾರವಂತೂ ಎರಡು ಕಣ್ಣು ಇಟ್ಟಿರಿ.

"ನಮ್ದು ಆರ್‌ಓ ನೀರು" ಅನ್ನುವವರಿಗೆ ಒಂದು ವಿಷಯ. ಆರ್‌ಓ ಯಂತ್ರದಿಂದ ಬಂದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಅದನ್ನು ಕ್ಯಾನಿನಿಂದ ಡ್ರಮ್ಮಿಗೆ ಸುರಿದು, ಯಾರೋ ಲೋಟ ಮುಳುಗಿಸಿ ಎತ್ತಿದರೆ, ಅಲ್ಲಿಂದ ಮುಂದೆ ಅದನ್ನು ಕಾಯುವವರು ಯಾರೂ ಇಲ್ಲ. ಡ್ರಮ್ಮಿಗೆ ನಲ್ಲಿ ಹಾಕಿಸಿ, ಮುಚ್ಚಳಕ್ಕೆ ಬೀಗ.

ಟ್ಯಾಂಕ್ ನೀರಿಗೆ ದಿನದ ಅಳತೆ, ತಿಳಿ ನೀರಾದರೆ, 1000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್. ಅಂದಾಜು ಬೇಡ, ಅಡುಗೆಮನೆಯ ಸಣ್ಣ ತಕ್ಕಡಿ ಬಳಸಿ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಿ. ಆಮೇಲೆ ಟ್ಯಾಂಕಿನಿಂದ ಅತಿ ದೂರದ ನಲ್ಲಿಯ ನೀರನ್ನು, ಕ್ಲೋರಿನ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಕ್ಲೋರೋಸ್ಕೋಪ್‌ನಲ್ಲಿ ನೋಡಿ. ಹನಿ ಹಾಕಿದಾಗ ತಿಳಿ ಹಳದಿ ಬರುತ್ತದೆ, ಪಟ್ಟಿಯ ಬಣ್ಣಕ್ಕೆ ಹೋಲಿಸಿದರೆ ಲೀಟರಿಗೆ 0.5 ಮಿಲಿಗ್ರಾಂ ಸಿಗಬೇಕು. ಬಣ್ಣವೇ ಬರದಿದ್ದರೆ ಪೌಡರ್ ಸತ್ತಿದೆ ಅಥವಾ ನೀರು ಹೊಲಸಾಗಿದೆ. ಅಲ್ಲಿಯವರೆಗೆ ಕುದಿಸಿ ಕುಡಿಯಿರಿ, ಕೊತಕೊತ ಒಂದು ನಿಮಿಷ ಕುದ್ದರೆ ಸಾಕು.

ಟ್ಯಾಂಕಿನಲ್ಲೇ ಏನೋ ಬಿದ್ದಿದೆ ಅಂತ ಅನುಮಾನ ಬಂದರೆ ಖಾಲಿ ಮಾಡಿಸಿ, ಒಳಗೋಡೆ ಉಜ್ಜಿಸಿ, ಮತ್ತೆ ತುಂಬಿ 1000 ಲೀಟರಿಗೆ 150 ಗ್ರಾಂ ಹಾಕಿ 24 ಗಂಟೆ ಬಿಟ್ಟು ಪೂರ್ತಿ ಚೆಲ್ಲಿ. ಆ ನೀರನ್ನು ಯಾರೂ ಬಳಸದಂತೆ ನಲ್ಲಿಗಳಿಗೆ ಚೀಟಿ ಕಟ್ಟಿ. ನೆಲದ ಸಂಪಿಗೆ ಒಬ್ಬನನ್ನೇ ಇಳಿಸಬೇಡಿ. ಮುಚ್ಚಳ ಮೊದಲೇ ಬಹಳ ಹೊತ್ತು ತೆರೆದಿಟ್ಟು, ಮೇಲೆ ಇಬ್ಬರು ನಿಂತಿರಬೇಕು.

ಹೆಜ್ಜೆ 7: ಫೋನ್ ಮಾಡಿ, ಇವತ್ತೇ

ಒಂದೇ ಮೆಸ್ಸಿನ ನಾಲ್ಕೈದು ಮಂದಿಗೆ ಒಂದೇ ದಿನ ಆದರೆ ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ, ತಾಲ್ಲೂಕು ಆರೋಗ್ಯಾಧಿಕಾರಿಗೆ ತಿಳಿಸಿ. ಯಾರ ನಂಬರೂ ಇಲ್ಲದಿದ್ದರೆ 104 ಸಹಾಯವಾಣಿ. ಜಿಲ್ಲಾ ಸರ್ವೇಕ್ಷಣಾ ತಂಡದವರು ಬಂದು ನೀರು, ಮಲದ ಮಾದರಿ ತೆಗೆದುಕೊಳ್ಳುತ್ತಾರೆ. ಆಂಟಿಬಯಾಟಿಕ್ ನುಂಗುವ ಮೊದಲು ಮಾದರಿ ಕೊಟ್ಟರೆ ಅದರಿಂದ ಏನಾದರೂ ತಿಳಿಯುತ್ತದೆ. ನಾವು "ನಾಳೆ ನೋಡೋಣ" ಅಂತ ಒಂದು ದಿನ ಕಳೆದೆವು. ಆ ದಿನ ಎಂಟು ಹೊಸ ಕೇಸ್. ಪೇಪರಿನವರಿಗೆ ಹೇಗೂ ಸುದ್ದಿ ಹೋಗಿತ್ತು.

ರಜೆ ಕೊಟ್ಟು ಎಲ್ಲರನ್ನೂ ಊರಿಗೆ ಕಳಿಸುವುದು ಆಡಳಿತದವರಿಗೆ ತಕ್ಷಣ ಹೊಳೆಯುವ ಉಪಾಯ. ಯೋಚಿಸಿ ನೋಡಿ, ಭೇದಿ ಹತ್ತಿದ ಹುಡುಗ ಚಿಂಚೋಳಿಗೋ ಅಫಜಲಪುರಕ್ಕೋ ಬಸ್ಸಿನಲ್ಲಿ ಹೋಗಬೇಕು. ಬಸ್ಸಿನಲ್ಲಿ ಸಂಡಾಸಿಲ್ಲ. ಮನೆಗೆ ಹೋದರೆ ಅಜ್ಜಿ, ತಂಗಿಯ ಕೂಸು. ಅವರಿಗೆ ಬಂದರೆ ನಮ್ಮ ಹುಡುಗನಷ್ಟು ತಾಳುವುದಿಲ್ಲ. ಭೇದಿ ನಿಂತು 48 ಗಂಟೆ ಆಗುವವರೆಗೆ ಇಲ್ಲೇ ಇಟ್ಟುಕೊಳ್ಳಿ. ಆರಾಮಾದ ಮೇಲೂ ಎರಡು ವಾರ ಅಥವಾ ಹೆಚ್ಚು ದಿನ ಮಲದಲ್ಲಿ ವೈರಸ್ ಹೋಗುತ್ತಿರಬಹುದು, ಆದ್ದರಿಂದ ಸಾಬೂನು ಮರೆಯಬಾರದು. ಭೇದಿ ಬದಲು ಕಣ್ಣು ಹಳದಿಯಾದವರು ಕಂಡರೆ ಅದು ಬೇರೆಯೇ ದಾರಿ. ಆ ಕಾಮಾಲೆ ಮೈ ಸೇರಿ ವಾರಗಳಾಗಿರುತ್ತವೆ, ಹಳೇ ನೀರಿನ ಕತೆ ಕೆದಕಬೇಕಾಗುತ್ತದೆ.

ಮುಂದಿನ ವರ್ಷಕ್ಕೆ

ಮಾರ್ಚ್ ಮುಗಿಯುವುದರೊಳಗೆ ಒಂದು ಕಪಾಟಿನಲ್ಲಿ ಇಷ್ಟು ಇಟ್ಟುಕೊಳ್ಳಿ: ನೂರು ಓಆರ್‌ಎಸ್ ಪ್ಯಾಕೆಟ್, ಬಿಗಿ ಡಬ್ಬದಲ್ಲಿ ಹೊಸ ಬ್ಲೀಚಿಂಗ್ ಪೌಡರ್, ಸಣ್ಣ ತಕ್ಕಡಿ, ಕ್ಲೋರೋಸ್ಕೋಪ್, ಗ್ಲೌಸ್, ಮಾಸ್ಕ್, ಹಳೇ ಪೇಪರ್, ಒಂದು ನೋಟ್‌ಬುಕ್. ಬೀಗದ ಕೀಲಿ ವಾರ್ಡನ್ ಒಬ್ಬರ ಬಳಿಯೇ ಇರಬಾರದು, ಅವರು ರಜೆಯಲ್ಲಿದ್ದಾಗಲೇ ಇದೆಲ್ಲ ಆಗುವುದು.

ಪಗಾರದ ನಿಯಮ ಬರೆದು ಸಹಿ ಹಾಕಿಸಲು ನನಗೆ ಐದು ತಿಂಗಳು ಹಿಡಿಯಿತು. ಅದಾದ ಮೇಲೆ ಒಂದು ಜುಲೈ ಬೆಳಗ್ಗೆ ಐದೂವರೆಗೆ ಅದೇ ಮಜ್ಜಿಗೆಯವನು ಗೇಟಿನ ಹೊರಗೇ ನಿಂತು ಫೋನ್ ಮಾಡಿದ. "ಸರ್, ರಾತ್ರಿಯಿಂದ ಎರಡು ಸಲ ಹೋಗಿಬಂದೀನ್ರಿ. ಇವತ್ತ ಒಲಿ ಕಡೆ ಬರಂಗಿಲ್ಲ." ಎರಡು ಪ್ಯಾಕೆಟ್ ಓಆರ್‌ಎಸ್ ಗೇಟಿನಿಂದಲೇ ಕೊಟ್ಟು ಕಳಿಸಿದೆ. ಅವತ್ತು ಸುಸಲಾ ಒಂದು ಗಂಟೆ ತಡವಾಯಿತು, ಉಪ್ಪೂ ಕಡಿಮೆ. ಹುಡುಗರು ಮೆಸ್ ಕಮಿಟಿಗೆ ದೂರು ಬರೆದರು.